ಏಟು ಬಿತ್ತು, ಸರಿ, ಹೊಡೆದವರು ಯಾರು?

ಮಾನ್ಯರೆ,

ನಿಮ್ಮ ‘ಉಳಿಪೆಟ್ಟು’ ಪ್ರಬಂಧ ತಲುಪಿತು. ಮನೆಯೊಳಗೇ ಹೊಡೆತ, ಬೈಗುಳ ಕಂಡ ಬಾಲ್ಯವನ್ನೂ ನಲವತ್ತರ ಹೊಸ್ತಿಲಲ್ಲಿ ನೀವು ಕಟ್ಟಿಕೊಂಡಿರುವ ನೆಮ್ಮದಿಯ ಬದುಕನ್ನೂ ಹನ್ನೆರಡು ಪುಟಗಳಲ್ಲಿ ಬರೆದಿದ್ದೀರಿ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪಿಲ್ಲ, ಬರೆಯಲು ಧೈರ್ಯವೂ ಬೇಕಿತ್ತು. ಇಷ್ಟು ಹೇಳಿ ನೇರವಾಗಿ ನನ್ನ ತಕರಾರಿಗೆ ಬರುತ್ತೇನೆ.

ಎರಡನೆಯ ಪುಟ: ‘ದಿನವೂ ಸಂಜೆ ಏಟು ಬೀಳುತ್ತಿತ್ತು.’ ಮೂರನೆಯ ಪುಟ: ‘ಬೆಲ್ಟಿನ ಏಟು ತಿಂದೆ.’ ನಾಲ್ಕನೆಯದು: ‘ಒಮ್ಮೆ ತೋಳು ಮುರಿಯಿತು.’ ಮಳೆ ಬೀಳುತ್ತದೆ, ಎಲೆ ಬೀಳುತ್ತದೆ. ಏಟು ಹಾಗೆ ತಾನಾಗಿ ಬೀಳುವುದಿಲ್ಲ; ಅದಕ್ಕೊಂದು ಕೈ ಬೇಕು. ‘ತಿಂದೆ’ ಎನ್ನುವುದು ಇನ್ನೂ ಮೋಸದ ಕ್ರಿಯಾಪದ. ಐದು ವರ್ಷದ ಮಗು ವಾಕ್ಯದ ಕರ್ತೃವಾಗಿಬಿಡುತ್ತದೆ, ತಾನೇ ಬಡಿಸಿಕೊಂಡು ಉಂಡ ಹಾಗೆ. ತೋಳು ಮುರಿಯಿತು, ಒಪ್ಪಿದೆ, ತಿರುಚಿದವರು? ‘ಅಪ್ಪ’ ಎಂಬ ಪದ ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. ಅಪ್ಪ ದುಡಿದರು, ಅಪ್ಪ ಓದಿಸಿದರು, ಅಪ್ಪ ಸೈಕಲ್ ಕೊಡಿಸಿದರು. ಹೊಡೆಯುವ ವಾಕ್ಯಗಳಲ್ಲಿ ಮಾತ್ರ ಅವರು ಮನೆಯಲ್ಲೇ ಇಲ್ಲ. ಕರ್ತೃವನ್ನು ನುಂಗಿಕೊಂಡೂ ನಡೆಯಬಲ್ಲ ಭಾಷೆ ನಮ್ಮದು. ಆ ಸೌಕರ್ಯವನ್ನು ನೀವು ಪೂರ್ತಿಯಾಗಿ ಅವರಿಗೆ ದಾನ ಮಾಡಿದ್ದೀರಿ.

ಇದು ನನ್ನ ಕಣ್ಣಿಗೆ ಚುಚ್ಚುವುದಕ್ಕೆ ಕಾರಣವಿದೆ. ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಒಂದು ಲೇಖನ ಬರೆದು ಹಿರಿಯ ಸಂಪಾದಕರ ಮೇಜಿನ ಮೇಲಿಟ್ಟಿದ್ದೆ. ‘ದೊಡ್ಡಪ್ಪನ ಶಿಸ್ತಿನಲ್ಲಿ ಬೆಳೆದೆ’ ಎಂದು ಅದರ ಆರಂಭ. ಅವರು ‘ಶಿಸ್ತು’ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾವ ಮರದ್ದು?’ ಎಂದು ಬರೆದಿದ್ದರು. ಇಡೀ ಲೇಖನಕ್ಕೆ ಅಷ್ಟೇ ಟಿಪ್ಪಣಿ. ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ಕಾಗದ ಎಳೆದುಕೊಂಡು ‘ದೊಡ್ಡಪ್ಪ ರೂಲುದೊಣ್ಣೆಯಿಂದ ನನ್ನನ್ನು ಹೊಡೆಯುತ್ತಿದ್ದರು’ ಎಂದು ಬರೆದೆ. ಆ ಒಂದು ಸಾಲಿಗೆ ಬೆವರಿದಷ್ಟು ಆಮೇಲೆ ಯಾವ ಸಂಪಾದಕೀಯಕ್ಕೂ ಬೆವರಿಲ್ಲ. ಲೇಖನ ಅಚ್ಚಾಗಲಿಲ್ಲ, ಅದು ಬೇರೆ ಮಾತು.

ಇನ್ನು ನಿಮ್ಮ ಶಿಲ್ಪಿ. ಕೊನೆಯ ಪುಟ: ‘ಉಳಿಪೆಟ್ಟು ತಿನ್ನದೆ ಕಲ್ಲು ಮೂರ್ತಿಯಾಗದು. ಆ ಪೆಟ್ಟುಗಳಿಗೆ ನಾನು ಋಣಿ.’ ಇಲ್ಲಿಗೆ ಬಂದಾಗ ಹಾಳೆಯನ್ನು ಮಗುಚಿಟ್ಟು ಎದ್ದು ಹೋದೆ. ಶಿಲ್ಪಿ ಕಲ್ಲನ್ನು ಆರಿಸುತ್ತಾನೆ, ಗೆರೆ ಎಳೆಯುತ್ತಾನೆ, ಎಲ್ಲಿ ಕೈ ತಡೆಯಬೇಕೆಂದು ಬಲ್ಲ. ನಿಮ್ಮದೇ ಐದನೆಯ ಪುಟದ ಪ್ರಕಾರ ಏಟು ಬೀಳುತ್ತಿದ್ದದ್ದು (ನೋಡಿ, ನಾನೂ ಜಾರಿದೆ), ಅಪ್ಪ ಹೊಡೆಯುತ್ತಿದ್ದದ್ದು ನೀರಿನ ಲೋಟ ಉರುಳಿದ್ದಕ್ಕೆ.

ಅಮೆರಿಕದ ಸಂಶೋಧಕರಾದ ಮೆಕ್‌ಗ್ಲೊಯಿನ್ ಮತ್ತು ವಿಡಮ್ 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಬಾಲ್ಯದ ದೌರ್ಜನ್ಯ, ನಿರ್ಲಕ್ಷ್ಯ ನ್ಯಾಯಾಲಯದಲ್ಲಿ ದಾಖಲಾಗಿದ್ದವರನ್ನು ದೊಡ್ಡವರಾದ ಮೇಲೆ ಹುಡುಕಿ, ಓದು, ಉದ್ಯೋಗ, ಮನಸ್ಸಿನ ಆರೋಗ್ಯ, ವ್ಯಸನ ಹೀಗೆ ಎಂಟು ವಿಷಯಗಳಲ್ಲಿ ಅಳೆದರು. ಆರರಲ್ಲಾದರೂ ನೆಟ್ಟಗಿದ್ದವರು ಶೇ 22. ವಯಸ್ಸು, ಕುಟುಂಬದ ಸ್ಥಿತಿಗತಿ ಹೆಚ್ಚುಕಡಿಮೆ ಅವರದೇ ಆಗಿದ್ದು ಅಂಥ ದಾಖಲೆ ಇಲ್ಲದವರಲ್ಲಿ ಶೇ 41. ಉಳಿಯೇ ಮೂರ್ತಿ ಕಡೆಯುವುದಾದರೆ ಈ ಎರಡು ಅಂಕಿಗಳು ಅದಲುಬದಲಾಗಿರಬೇಕಿತ್ತು. ನೀವು ಪೆಟ್ಟುಗಳಿದ್ದೂ ನಿಂತವರು. ಋಣಪತ್ರವನ್ನು ಯಾರ ಹೆಸರಿಗೆ ಬರೆದಿದ್ದೀರಿ ನೋಡಿಕೊಳ್ಳಿ.

ಸಲ್ಲಬೇಕಾದ ಹೆಸರು ನಿಮ್ಮ ಆರನೆಯ ಪುಟದಲ್ಲೇ ಇದೆ, ಒಂದೂವರೆ ಸಾಲಿನಲ್ಲಿ: ‘ಪಕ್ಕದ ಮನೆಯ ಅಜ್ಜಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಅಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದೆ.’ ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಅವರ ನಲವತ್ತನೆಯ ವಯಸ್ಸಿನವರೆಗೆ ಹಿಂಬಾಲಿಸಿದವರು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್. ಬಡತನ, ಹೆತ್ತವರ ಕುಡಿತ, ಜಗಳದ ನಡುವೆ ಬೆಳೆದೂ ದಡ ಸೇರಿದವರ ಕಥೆಗಳಲ್ಲಿ ವರ್ನರ್ ಅವರಿಗೆ ಮತ್ತೆ ಮತ್ತೆ ಎದುರಾದದ್ದು ಇಂಥವರೇ: ಒಬ್ಬ ಅಜ್ಜಿ, ಒಬ್ಬ ನೆರೆಯವರು, ಒಬ್ಬ ಶಿಕ್ಷಕರು. ನೀವು ಶಿಲ್ಪಿಗೆ ಎರಡು ಪುಟ ಕೊಟ್ಟಿದ್ದೀರಿ. ಆ ಅಜ್ಜಿಗೆ ಎಲ್ಲ ಗೊತ್ತಿತ್ತೆ? ಚಿಲಕ ಮರೆತದ್ದೋ, ಬೇಕೆಂದೇ ಬಿಟ್ಟದ್ದೋ? ತೋಳು ಮುರಿದ ದಿನ ಆ ಬಾಗಿಲು ತೆರೆದಿತ್ತೆ?

ಒಂಬತ್ತನೆಯ ಪುಟದಲ್ಲಿ ಕೀಲಿಗೊಂಚಲಿನ ಸದ್ದು ಕೇಳಿದರೆ ಈಗಲೂ ಲೋಟವನ್ನು ಮೇಜಿನ ನಡುವಿಗೆ ಸರಿಸುತ್ತೇನೆ ಎಂದಿದ್ದೀರಿ. ಇಡೀ ಪ್ರಬಂಧದ ಅತ್ಯುತ್ತಮ ವಾಕ್ಯ ಅದು. ಮರುಪುಟದಲ್ಲೇ ‘ನಾನೀಗ ಸಂಪೂರ್ಣ ಗುಣವಾಗಿದ್ದೇನೆ, ಇದೇ ಸ್ಥಿತಿಸ್ಥಾಪಕತ್ವ’! ಆ ಪದ ರಬ್ಬರಿಗೆ ಒಪ್ಪುತ್ತದೆ. ಎಳೆದು ಬಿಟ್ಟರೆ ಅದು ಮೊದಲಿನಂತಾಗುತ್ತದೆ. ಐದು ವರ್ಷದಿಂದ ಹೊಡೆತ ಕಂಡ ಮಗುವಿಗೆ ಮರಳಲು ಯಾವ ‘ಮೊದಲು’ ಇತ್ತು? ಮನೆ, ಕೆಲಸ, ಸ್ನೇಹ ಎಲ್ಲವನ್ನೂ ಚೆನ್ನಾಗಿ ನಡೆಸಿಕೊಂಡು ಹೋಗುವ ಮನುಷ್ಯನೇ ಲೋಟವನ್ನೂ ಸರಿಸಬಹುದು.

ಹತ್ತನೆಯ ಪುಟ ಕಿತ್ತು ಹಾಕಿ, ಶಿಲ್ಪಿಯನ್ನು ಕಳುಹಿಸಿಬಿಡಿ, ಲೋಟ ಇರಲಿ. ತಿದ್ದಿದ ಪ್ರತಿಯಲ್ಲಿ ‘ತಿಂದೆ’ ಎಷ್ಟು ಉಳಿದಿವೆ ಎಂದು ಎಣಿಸಿ ಕಳುಹಿಸಿ. ನಾನೂ ಎಣಿಸುತ್ತೇನೆ.

ಇತಿ,
ಸಂಪಾದಕ