ಗೊಂಬೆಯ ಕೈಗೆ ರೈಫಲ್ ಯಾಕೆ?

ಕಪ್ಪು ಜನರನ್ನು ಅಣಕಿಸುವ ಗೊಂಬೆಯನ್ನೇ ಇಟ್ಟು ಮಾಡಿದ ಕಲೆ ವರ್ಣಭೇದದ ವಿರುದ್ಧ ಹೇಗಾಗುತ್ತದೆ ಅಂತ ಕೇಳಿದ್ದೀರಿ. ಅಮೆರಿಕದ ಕಪ್ಪು ಕಲಾವಿದೆ ಬೆಟಿ ಸಾರ್ 1972ರಲ್ಲಿ ಮಾಡಿದ ‘ಆಂಟ್ ಜೆಮೈಮಾಳ ಬಿಡುಗಡೆ’ ಎಂಬ ಕಲಾಕೃತಿಯನ್ನು ನೋಡಿ. ‘ಆಂಟ್ ಜೆಮೈಮಾ’ ಅಂದರೆ ಅಮೆರಿಕದ ಪ್ಯಾನ್‌ಕೇಕ್ ಹಿಟ್ಟಿನ ಪೊಟ್ಟಣದ ಮೇಲೆ ನಗುತ್ತಿದ್ದ ಕಪ್ಪು ಅಡುಗೆಯಾಕೆ. ಬಿಳಿಯರ ಚಾಕರಿಯನ್ನು ಸದಾ ಖುಷಿಯಿಂದ ಮಾಡುವವಳು! ಸಾರ್ ಅಂಥದ್ದೇ ಗೊಂಬೆಯನ್ನು ಪುಟ್ಟ ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಒಂದು ಕೈಗೆ ಪೊರಕೆ, ಇನ್ನೊಂದಕ್ಕೆ ರೈಫಲ್. ಎದುರಿಗೆ ಕಪ್ಪು ಜನರ ಹೋರಾಟದ ಗುರುತಾದ ಬಿಗಿದ ಕಪ್ಪು ಮುಷ್ಟಿ, ಕಾಲಡಿ ಗುಲಾಮಗಿರಿಯನ್ನು ನೆನಪಿಸುವ ಹತ್ತಿ, ಹಿಂದೆ ಸಾಲುಸಾಲಾಗಿ ಅದೇ ನಗುಮುಖ. ಪೆಟ್ಟಿಗೆ ಒಂದು ಅಡಿ ಎತ್ತರವೂ ಇಲ್ಲ. ನಗು ಹಾಗೇ ಇದೆ, ಆದರೆ ಈಗ ಹೆದರಿಕೆ ನೋಡುವವರಿಗೆ, ಅಲ್ವಾ? ಗೊಂಬೆಯನ್ನು ಸುಮ್ನೆ ಒಡೆದು ಹಾಕಿದ್ದರೆ ಇಷ್ಟು ಬಿಸಿ ಮುಟ್ಟುತ್ತಿರಲಿಲ್ಲ ಅನಿಸುತ್ತದೆ ನನಗೆ. ಹಿಟ್ಟಿನ ಕಂಪನಿ ‘ಆಂಟ್ ಜೆಮೈಮಾ’ ಹೆಸರು ಕೈಬಿಡುತ್ತೇವೆ ಅಂದಿದ್ದು ಮಾತ್ರ 2020ರಲ್ಲಿ.