ಷಿಕಾಗೋದ ಅತ್ತೆಯ ದನಿ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ನೀವು ಹೊಗಳಿದಿರೆಂದು ಗ್ರೀಕ್ ಚಿತ್ರ ‘ಷಿಕಾಗೋದ ಅತ್ತೆ’ಯನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದೆ. ಅತ್ತೆಯ ಪಾತ್ರ ಮಾಡಿದ ಜಾರ್ಜಿಯಾ ವಸಿಲಿಯಾದು ಅವರ ವಿಚಿತ್ರ ಮುಖವೊಂದನ್ನು ಬಿಟ್ಟರೆ ನಟನೆ ಎಲ್ಲಿದೆ?”

ಉತ್ತರ: ಮುಖದ ಮಾತು ನಿಜ. ಅದನ್ನೇ ನೆಚ್ಚಿಕೊಂಡು 1954ರ ಚಿತ್ರವೊಂದಕ್ಕೆ ‘ಅಥೆನ್ಸಿನ ಸುಂದರಿ’ ಎಂದು ಹೆಸರಿಟ್ಟರು. ಇಷ್ಟನ್ನು ಒಪ್ಪಿದೆ, ಇನ್ನು ನನ್ನ ಮಾತು ಕೇಳಿ.

ಆಕೆ ಹುಟ್ಟಿದ್ದು 1897ರಲ್ಲಿ, ಅಥೆನ್ಸಿನಲ್ಲಿ. ಮುಖವೇ ಸಾಕಾಗಿದ್ದರೆ ಇಪ್ಪತ್ತರಲ್ಲೇ ಹೆಸರಾಗಬೇಕಿತ್ತಲ್ಲ? ಒಪೆರಾದಿಂದ ಶುರುಮಾಡಿ, ಗಂಭೀರ ನಾಟಕಗಳಲ್ಲಿ ಪಳಗಿ, ಸಿನಿಮಾದಲ್ಲಿ ಮನೆಮಾತಾಗುವ ಹೊತ್ತಿಗೆ ಐವತ್ತು ದಾಟಿತ್ತು. ನೀವು ನೋಡಿದ ಚಿತ್ರ 1957ರದು, ಅಲೆಕೋಸ್ ಸಕೆಲ್ಲಾರಿಯೋಸ್ ನಿರ್ದೇಶನದ್ದು. ಆಗ ಆಕೆಗೆ ಅರವತ್ತು.

ಹೂಕುಂಡದ ಪ್ರಸಂಗವನ್ನೇ ತೆಗೆದುಕೊಳ್ಳಿ. ಒರೆಸ್ತಿಸ್ ಮಕ್ರಿಸ್ ಮಾಡಿರುವ ಶಿಸ್ತಿನ ನಿವೃತ್ತ ಸೇನಾಧಿಕಾರಿಗೆ ಮದುವೆಯಾಗದ ನಾಲ್ವರು ಹೆಣ್ಣುಮಕ್ಕಳು. ಅಮೆರಿಕದಿಂದ ಬಂದ ಸೋದರತ್ತೆ ದಾರಿಹೋಕ ಗಂಡಸರ ತಲೆಯ ಮೇಲೆ ಕುಂಡ ಬೀಳಿಸಿ, ಉಪಚಾರದ ನೆಪದಲ್ಲಿ ಅವರನ್ನು ಮನೆಯೊಳಗೆ ಕರೆತರುತ್ತಾಳೆ. ಕೇಡಿನ ಕೆಲಸ, ಕಳಕಳಿಯ ದನಿ. ದನಿಯಲ್ಲಿ ಒಂಚೂರು ಕಳ್ಳತನ ಕಂಡರೂ ಅತ್ತೆ ದುಷ್ಟೆಯಾಗುತ್ತಾಳೆ, ನಗು ಸತ್ತುಹೋಗುತ್ತದೆ.

ರಂಗದ ಮೇಲಾದರೆ ಜನ ನಗುವವರೆಗೆ ಕಾದು ಮುಂದಿನ ಮಾತು ಆಡಬಹುದು. ಕ್ಯಾಮೆರಾ ನಗುವುದಿಲ್ಲ. ಚಿತ್ರಮಂದಿರದ ನಗುವನ್ನು ಸ್ಟುಡಿಯೋದಲ್ಲೇ ಅಂದಾಜು ಮಾಡಿ ಅಷ್ಟೇ ಜಾಗ ಬಿಡಬೇಕು. ಕಡಿಮೆ ಬಿಟ್ಟರೆ ಮುಂದಿನ ಮಾತು ನಗುವಿನಲ್ಲಿ ಮುಳುಗುತ್ತದೆ, ಹೆಚ್ಚು ಬಿಟ್ಟರೆ ದೃಶ್ಯ ತಣ್ಣಗಾಗುತ್ತದೆ. ಆ ಲೆಕ್ಕ ಮುಖದಿಂದ ಬರುವಂಥದಲ್ಲ. ವರ್ಷಗಟ್ಟಲೆ ರಂಗದ ಮೇಲೆ ನಿಂತು ಕಲಿಯುವಂಥದು.

ನಿಮಗದು ಕಾಣದೆ ಹೋದದ್ದಕ್ಕೆ ಸಬ್‌ಟೈಟಲ್ಲೇ ಕಾರಣವೆಂದು ನನ್ನ ಬಲವಾದ ನಂಬಿಕೆ. ಎರಡು ಸಾಲಿನ ಬರಹ ಒಟ್ಟಿಗೆ ತೆರೆಗೆ ಬಂದಾಗ ಕಣ್ಣು ಕೊನೆಯ ಪದವನ್ನು ಮೊದಲೇ ಓದಿಬಿಡುತ್ತದೆ. ನಟಿ ಮಾತು ತಡೆದು ನಿಂತಿರುವಾಗಲೇ ನೀವು ನಕ್ಕು ಮುಗಿಸಿರುತ್ತೀರಿ. ಆಮೇಲೆ ಉಳಿಯುವುದು ಮುಖ ಮಾತ್ರ! ಮಾತು ತಡೆಯುವ ಕಡೆ ಸಾಲನ್ನು ತುಂಡರಿಸಿ, ಎರಡನೆಯ ತುಂಡನ್ನು ಮಾತು ಬಾಯಿಂದ ಹೊರಟಾಗಲೇ ತೋರಿಸಿದರೆ ಈ ಅನ್ಯಾಯ ತಪ್ಪುತ್ತದೆ. ಹಾಗೆ ಮಾಡುವ ತಾಳ್ಮೆ ಕಾಣುವುದೇ ಅಪರೂಪ. ದುರಂತ ಪಾತ್ರದ ಬಿಕ್ಕಳಿಕೆ ಅರ್ಧ ಸೆಕೆಂಡು ಆಚೀಚೆಯಾದರೂ ಬದುಕುತ್ತದೆ, ಹಾಸ್ಯ ಬದುಕುವುದಿಲ್ಲ. ಆದರೂ ದೊಡ್ಡ ನಟಿಯೆಂಬ ಪಟ್ಟ ಅತ್ತವಳಿಗೆ, ನಗಿಸಿದವಳಿಗೆ ‘ಹಾಸ್ಯನಟಿ’ ಎಂಬ ಅರ್ಧ ಸಾಲು. ಗ್ರೀಸ್ ಪ್ರಾಚೀನ ಹಾಸ್ಯ ನಾಟಕಕಾರ ಅರಿಸ್ಟೋಫನೀಸನನ್ನು ಕೊಟ್ಟ ನಾಡು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ನಿಮ್ಮದು ಸೂಕ್ಷ್ಮ ಕಣ್ಣು, ಪತ್ರದಲ್ಲೇ ಗೊತ್ತಾಗುತ್ತದೆ. ಕಿವಿಗೂ ಸ್ವಲ್ಪ ಕೆಲಸ ಕೊಡಿ. ಅದೇ ದೃಶ್ಯವನ್ನು ಮೊದಲು ಸಬ್‌ಟೈಟಲ್ ಓದಿಕೊಂಡು ನೋಡಿ, ಅರ್ಥ ತಿಳಿಯಲಿ. ಆಮೇಲೆ ಕಣ್ಣು ಮುಚ್ಚಿ ದನಿಯ ಏರಿಳಿತವನ್ನಷ್ಟೇ ಕೇಳಿ. ಮೂರನೆಯ ಸಲ ಸಬ್‌ಟೈಟಲ್ ತೆಗೆದುಹಾಕಿ ನೋಡಿ. ಬಳಿಕ 1958ರ ‘ನಮ್ಮ ಸೂಲಗಿತ್ತಿಯಮ್ಮ’ ನೋಡಿ. ಅದರಲ್ಲೂ ಎದುರಿಗೆ ಅದೇ ಮಕ್ರಿಸ್ ಇದ್ದಾರೆ. ನೋಡಿದ ಮೇಲೂ ಮುಖವೇ ಎಂದನ್ನಿಸಿದರೆ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.

— ಸಂ.