ಸಂಪಾದಕರ ಉತ್ತರ: ಉಪ್ಪಿನಕಾಯಿ ಡಬ್ಬಿ ಮತ್ತು ಮಗಳ ಆರೋಗ್ಯ

ಮಾನ್ಯರೇ,

ಹತ್ತು ವರ್ಷಗಳಿಂದ ಮಿಡಿ ಉಪ್ಪಿನಕಾಯಿಯನ್ನು ಭರಣಿಯ ಬದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟಿದ್ದರಿಂದಲೇ ಮಗಳ ಮುಟ್ಟು ಏರುಪೇರಾಗಿ ಪಿಸಿಓಡಿ (ಹಾರ್ಮೋನುಗಳ ಏರುಪೇರಿನೊಂದಿಗೆ ಬರುವ ಅಂಡಾಶಯದ ತೊಂದರೆ) ಬಂದಿತೇ, ಪ್ಲಾಸ್ಟಿಕ್ಕಿನ ರಾಸಾಯನಿಕಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಎಂಬುದು ನಿಜವೇ ಎಂದು ಸಾಗರದಿಂದ ಕೇಳಿದ್ದೀರಿ. ಮಗಳ ಕಾಯಿಲೆಗೆ ದಯವಿಟ್ಟು ನಿಮ್ಮನ್ನು ನೀವೇ ಹೊಣೆ ಮಾಡಿಕೊಳ್ಳಬೇಡಿ. ಹಾಗೆ ಹೇಳಲು ಆಧಾರವಿಲ್ಲ.

ಆದರೆ ನಿಮ್ಮ ಆತಂಕ ಬರಿಯ ಊಹೆಯೂ ಅಲ್ಲ. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬೆರೆಸುವ ಥಾಲೇಟುಗಳು ಪ್ಲಾಸ್ಟಿಕ್ಕಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಬಿಸಿಗೆ, ಎಣ್ಣೆಗೆ ಸುಲಭವಾಗಿ ಬಿಟ್ಟುಕೊಳ್ಳುತ್ತವೆ. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿರುವ ಬಿಸ್ಫೆನಾಲ್-ಎ ಎಂಬ ರಾಸಾಯನಿಕವು ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ನಿನಂತೆ ವರ್ತಿಸುತ್ತದೆಂದು 1936ರಲ್ಲೇ ಗೊತ್ತಾಗಿತ್ತು. 1998ರಲ್ಲಿ ಅಮೆರಿಕದ ತಳಿವಿಜ್ಞಾನಿ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ ಇಲಿಗಳ ಪಾಲಿಕಾರ್ಬೊನೇಟ್ ಪಂಜರಗಳನ್ನು ಯಾರೋ ತಪ್ಪಾಗಿ ಕಟುವಾದ ಮಾರ್ಜಕದಿಂದ ತೊಳೆದರು. ಪ್ಲಾಸ್ಟಿಕ್ ಹಾಳಾಗಿ ಬಿಸ್ಫೆನಾಲ್ ಒಸರಿತು, ಯಾವ ಪ್ರಯೋಗಕ್ಕೂ ಒಳಪಡಿಸದ ಆರೋಗ್ಯವಂತ ಹೆಣ್ಣಿಲಿಗಳ ಅಂಡಾಣುಗಳಲ್ಲೂ ವರ್ಣತಂತುಗಳ (ವಂಶವಾಹಿಗಳನ್ನು ಹೊತ್ತ ಎಳೆಗಳ) ಜೋಡಣೆ ಕೆಟ್ಟಿತ್ತು.

ಕರುಳಿನ ಸಂಗತಿ ಹೀಗಿದೆ. ದೇಹ ಬಳಸಿ ಮುಗಿದ ಈಸ್ಟ್ರೋಜೆನ್ ಅನ್ನು ಯಕೃತ್ತು ಇನ್ನೊಂದು ಅಣುವಿಗೆ ಕಟ್ಟಿ ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಗ್ಲುಕುರೊನಿಡೇಸ್ ಎಂಬ ಕಿಣ್ವದಿಂದ ಆ ಕಟ್ಟನ್ನು ಬಿಚ್ಚುವುದರಿಂದ ಹಾರ್ಮೋನಿನ ಒಂದು ಪಾಲು ಮತ್ತೆ ರಕ್ತಕ್ಕೆ ಸೇರುತ್ತದೆ. ಈ ಬ್ಯಾಕ್ಟೀರಿಯಾಗಳ ಪ್ರಮಾಣ ಬದಲಾದರೆ ಹಾರ್ಮೋನುಗಳ ಸಮತೋಲವೂ ಬದಲಾಗಬಹುದು. ಬಿಸ್ಫೆನಾಲ್ ಮತ್ತು ಥಾಲೇಟುಗಳನ್ನು ತಿನ್ನಿಸಿದ ಪ್ರಾಣಿಗಳಲ್ಲಿ ಕಂಡದ್ದು ಇಂತಹ ಬದಲಾವಣೆಯೇ ಹೊರತು, ನೀವು ಓದಿದಂತೆ ಬ್ಯಾಕ್ಟೀರಿಯಾಗಳ ಸಾಮೂಹಿಕ ನಾಶವಲ್ಲ. ಪಿಸಿಓಡಿ ಇರುವ ಮಹಿಳೆಯರ ರಕ್ತದಲ್ಲಿ ಬಿಸ್ಫೆನಾಲ್ ಹೆಚ್ಚಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ, ನಿಜ. ಆದರೆ ಆ ಕಾಯಿಲೆಯಲ್ಲಿ ಏರುವ ಪುರುಷ ಹಾರ್ಮೋನೇ ಬಿಸ್ಫೆನಾಲ್ ದೇಹದಿಂದ ಹೊರಹೋಗುವುದನ್ನು ನಿಧಾನಗೊಳಿಸುತ್ತಿರಬಹುದು. ಆದ್ದರಿಂದ ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ತೀರ್ಮಾನಿಸಲಾಗದು.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಸ್ಫೆನಾಲ್-ಎ ದಿನನಿತ್ಯದ ಸುರಕ್ಷಿತ ಮಿತಿಯನ್ನು 20,000 ಪಟ್ಟು ತಗ್ಗಿಸಿತು. ಎಚ್ಚರಿಕೆಗೆ ಅಷ್ಟು ಸಾಕೆಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಡಬ್ಬಿಯ ವಿಷಯ. ತಳದಲ್ಲಿನ ತ್ರಿಕೋನದೊಳಗೆ 2 ಅಥವಾ 5 ಎಂದಿದ್ದರೆ, ಅದು ಸಾಮಾನ್ಯವಾಗಿ ಥಾಲೇಟಾಗಲಿ ಬಿಸ್ಫೆನಾಲಾಗಲಿ ಬೇಕಿಲ್ಲದ ಬಗೆಯ ಪ್ಲಾಸ್ಟಿಕ್. ಉಪ್ಪಿನಕಾಯಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಹೋಟೆಲಿನಿಂದ ತೆಳು ಚೀಲದಲ್ಲಿ ಕಟ್ಟಿಸಿಕೊಂಡು ಬರುವ ಕುದಿಯುವ ಸಾಂಬಾರು, ಪ್ಲಾಸ್ಟಿಕ್ ಲೋಟದ ಬಿಸಿ ಕಷಾಯ, ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಂದ ಇಡ್ಲಿ. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ಮಲೆನಾಡಿಗೆ ಈ ಹಾಳೆ ಬೇಕಿರಲಿಲ್ಲ. ದೇಹ ಸೇರಿದ ಬಿಸ್ಫೆನಾಲಿನ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುವುದರಿಂದ, ಇವುಗಳನ್ನು ಬಿಟ್ಟರೆ ಅದರ ಪ್ರಮಾಣ ಬೇಗನೆ ಇಳಿಯುತ್ತದೆ. ಆದರೆ ಡಬ್ಬಿ ಬದಲಿಸಿದೆವೆಂದು ಮಗಳಿಗೆ ವೈದ್ಯರು ಕೊಟ್ಟ ಮಾತ್ರೆಗಳನ್ನು ನಿಲ್ಲಿಸಬೇಡಿ. ಪಿಸಿಓಡಿಯಲ್ಲಿ ವಂಶವಾಹಿಗಳ ಮತ್ತು ಇನ್ಸುಲಿನ್ನಿನ ಪಾತ್ರ ದೊಡ್ಡದು.

ಅತ್ತೆಯವರ ಕಾಲದ ಭರಣಿ ಅಟ್ಟದ ಮೇಲಿದೆ ಎಂದು ಬರೆದಿದ್ದೀರಿ. ಬಿರುಕಿಲ್ಲದಿದ್ದರೆ ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮುಂದಿನ ಸಲದ ಮಿಡಿಯನ್ನು ಅದರಲ್ಲೇ ಹಾಕಿ.